ಜೊಂಡು, ಫಿರಂಗಿ, ಕಾನೂನು

ನಮ್ಮ ಯಾವ ಊರಿನ ಪೇಟೆ ಬೀದಿಗೆ ಹೋದರೂ ನೋಟ್‌ಬುಕ್ಕು, ಪೆನ್ನು, ರಬ್ಬರು, ಡ್ರಾಯಿಂಗ್ ಶೀಟು ಮಾರುವ ಅಂಗಡಿಯೊಂದು ಸಿಗುತ್ತದೆ. ಬೋರ್ಡಿನ ಮೇಲೆ ಕನ್ನಡದಲ್ಲಿ ‘ಬುಕ್ ಅಂಡ್ ಸ್ಟೇಷನರಿ ಸ್ಟೋರ್ಸ್’ ಎಂದು ಬರೆದಿರುವಷ್ಟು ಹೊತ್ತು ಯಾರ ತಕರಾರೂ ಇಲ್ಲ. ಕೆಳಗಿನ ಇಂಗ್ಲಿಷ್ ಸಾಲಿಗೆ ಬಂದಾಗ ಪೇಂಟರನ ಕುಂಚ ಎಡವುತ್ತದೆ. ಪದದ ಕೊನೆಯಲ್ಲಿ ‘ಇ’ ಅಕ್ಷರ ಇರಬೇಕಾದ ಕಡೆ ‘ಎ’ ಬಂದು ಕೂತಿರುತ್ತದೆ. ‘ಇ’ ಇದ್ದರೆ ಕಾಗದ, ಲೇಖನಿ ಮುಂತಾದ ಬರವಣಿಗೆಯ ಸಾಮಾನು. ‘ಎ’ ಇದ್ದರೆ ಕದಲದೆ ನಿಂತದ್ದು. ಇಂಗ್ಲಿಷ್ ಬಲ್ಲವರು ಬೋರ್ಡು ನೋಡಿ ಮೀಸೆಯಲ್ಲೇ ನಗುತ್ತಾರೆ. ಪದದ ಪೂರ್ವವೃತ್ತಾಂತ ಗೊತ್ತಿದ್ದವರಿಗೆ ಮಾತ್ರ ಪೇಂಟರನ ಕಡೆಗೂ ಸ್ವಲ್ಪ ನ್ಯಾಯವಿದೆ ಅನಿಸೀತು.

ಮಧ್ಯಯುಗದ ಯುರೋಪಿನಲ್ಲಿ ವ್ಯಾಪಾರವೆಂದರೆ ಬಹುಪಾಲು ತಿರುಗಾಟ. ಗಂಟು ಹೊತ್ತುಕೊಂಡು ಸಂತೆಯಿಂದ ಸಂತೆಗೆ, ಊರಿಂದ ಊರಿಗೆ. ಇಂಥವರ ನಡುವೆ ಒಂದೇ ಕಡೆ ಅಂಗಡಿ ಹೂಡಿ ಕೂತವನು ಅಪರೂಪ. ಲ್ಯಾಟಿನ್ನಿನಲ್ಲಿ ಅವನಿಗೆ ‘ಸ್ಟೇಷನೇರಿಯಸ್’ ಎಂದು ಹೆಸರು, ನೆಲೆ ನಿಂತವನು ಎಂದರ್ಥ. ಹಾಗೆ ನೆಲೆ ನಿಲ್ಲುವಷ್ಟು ಖಾಯಂ ಗಿರಾಕಿಗಳು ಯಾರಿಗಿದ್ದರು? ವಿಶ್ವವಿದ್ಯಾಲಯಗಳ ಪಕ್ಕದ ಪುಸ್ತಕದಂಗಡಿಯವರಿಗೆ. ಬೊಲೋನ್ಯಾ, ಪ್ಯಾರಿಸ್, ಆಕ್ಸ್‌ಫರ್ಡುಗಳಲ್ಲಿ ಇವರು ಪಠ್ಯಗ್ರಂಥಗಳ ಒಪ್ಪಿತ ಪ್ರತಿಯನ್ನು ಹೊಲಿಯದೆ ಬಿಡಿ ಕಟ್ಟುಗಳಾಗಿ ಇಟ್ಟುಕೊಂಡು, ಒಂದೊಂದೇ ಕಟ್ಟನ್ನು ಬಾಡಿಗೆಗೆ ಕೊಡುತ್ತಿದ್ದರು. ವಿದ್ಯಾರ್ಥಿ ಅದನ್ನು ನಕಲು ಮಾಡಿಕೊಂಡು ವಾಪಸು ತಂದು ಮುಂದಿನದನ್ನು ಒಯ್ಯುತ್ತಿದ್ದ. ಜೆರಾಕ್ಸ್ ಅಂಗಡಿಯ ಮೂಲಪುರುಷ ಈ ಪುಸ್ತಕದಂಗಡಿಯವನೇ ಎಂದರೆ ತಪ್ಪಿಲ್ಲ. ಲಂಡನ್ನಿನಲ್ಲಿ ಈ ಕಸುಬಿನವರು 1403ರಲ್ಲಿ ಸಂಘ ಕಟ್ಟಿಕೊಂಡರು. 1557ರಲ್ಲಿ ಅದಕ್ಕೆ ರಾಜಸನ್ನದು ಸಿಕ್ಕಿತು. ಮುಂದೆ ಇಂಗ್ಲೆಂಡಿನಲ್ಲಿ ಪುಸ್ತಕ ಅಚ್ಚು ಹಾಕಿಸುವವರು ಅದರ ಹಕ್ಕನ್ನು ಈ ಸಂಘದ ದಫ್ತರದಲ್ಲೇ ದಾಖಲಿಸಬೇಕಿತ್ತು. 1623ರಲ್ಲಿ ಶೇಕ್ಸ್‌ಪಿಯರನ ನಾಟಕಗಳ ಮೊದಲ ದೊಡ್ಡ ಸಂಪುಟ ಬಂದಾಗಲೂ ಅದರ ಹೆಸರು ಏರಿದ್ದು ಅದೇ ದಫ್ತರಕ್ಕೆ.

ಈ ನಿಂತವರು ಮಾರುತ್ತಿದ್ದ ಕಾಗದ, ಶಾಯಿಗಳಿಗೆ ಅವರ ಹೆಸರೇ ಅಂಟಿತು. ನಿಂತದ್ದಕ್ಕೆ ಒಂದು ಕಾಗುಣಿತ, ನಿಂತವನು ಮಾರಿದ್ದಕ್ಕೆ ಇನ್ನೊಂದು ಎಂಬ ವಿಂಗಡಣೆ ಆದದ್ದು ಆಮೇಲೆ. ಲ್ಯಾಟಿನ್ನಿನ ಈ ನಿಲ್ಲುವ ಧಾತುವಿಗೂ ಸಂಸ್ಕೃತದ ‘ಸ್ಥಾ’ ಧಾತುವಿಗೂ ಮೂಲ ಒಂದೇ. ಆದ್ದರಿಂದ ಸ್ಟೇಷನರಿ ಅಂಗಡಿಯವನು ನಮ್ಮ ಮಾತಿನಲ್ಲಿ ಅಕ್ಷರಶಃ ಸ್ಥಾವರ, ಗಂಟು ಹೊತ್ತು ಊರೂರು ಅಲೆಯುವವನು ಜಂಗಮ. ವಚನಕಾರರು ಈ ಜೋಡಿಯಲ್ಲಿ ಯಾವುದರ ಪಕ್ಷ ವಹಿಸಿದರೆಂದು ಎಲ್ಲರಿಗೂ ಗೊತ್ತು. ಇಂಗ್ಲಿಷ್ ಪುಸ್ತಕ ವ್ಯಾಪಾರ ಮಾತ್ರ ಸ್ಥಾವರದಿಂದಲೇ ಉದ್ಧಾರವಾಯಿತು.

ಇಂಗ್ಲಿಷ್ ವ್ಯಾಕರಣ ಪುಸ್ತಕಗಳ ಹಿಂಬದಿ ಪುಟಗಳಲ್ಲಿ ಇಂಥ ಜೋಡಿಗಳ ಪಟ್ಟಿ ಇರುತ್ತದೆ: ಇದನ್ನು ಅದೆಂದು ಬರೆಯಬೇಡಿ, ಅದನ್ನು ಇದೆಂದು ಓದಬೇಡಿ. ಪರೀಕ್ಷೆಗೆ ಬೇಕಾದ್ದು, ಇರಲಿ. ಆದರೆ ಅದನ್ನು ಓದುವುದೆಂದರೆ ಒಗ್ಗರಣೆಯಿಲ್ಲದ ಸಾರು ಉಂಡಂತೆ. ಎರಡು ಪದಗಳನ್ನು ಜನ ಶತಮಾನಗಳಿಂದ ಬೆರೆಸುತ್ತಲೇ ಬಂದಿದ್ದಾರೆ ಎಂದರೆ ಅದರ ಹಿಂದೆ ಏನೋ ನಂಟು ಇದ್ದೇ ಇರಬೇಕು. ಪಟ್ಟಿ ಅದನ್ನು ಹೇಳುವುದಿಲ್ಲ. ಇನ್ನೊಂದು ಮಜಾ ಎಂದರೆ ಈ ಜೋಡಿಗಳಲ್ಲಿ ಎಷ್ಟೋ ಕನ್ನಡ ಲಿಪಿಗೆ ಬಂದ ಕೂಡಲೇ ಒಂದಾಗಿಬಿಡುತ್ತವೆ. ಕಿವಿಗೆ ಕೇಳಿದ್ದನ್ನೇ ಬರೆಯುವ ಲಿಪಿಯಲ್ಲಿ ಕಣ್ಣಿಗೆ ಮಾತ್ರ ಕಾಣುವ ಜಗಳಕ್ಕೆ ಜಾಗವಿಲ್ಲ.

ಹಿಟ್ಟಿನ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಬೀದಿಗಳ ‘ಫ್ಲೋರ್ ಮಿಲ್’ ಬೋರ್ಡುಗಳನ್ನು ನಂಬುವುದಾದರೆ ಒಳಗೆ ಬೀಸುತ್ತಿರುವುದು ನೆಲವನ್ನು! ಹಿಟ್ಟಿಗೆ ಇಂಗ್ಲಿಷರು ಹೇಳುವ ಶಬ್ದಕ್ಕೂ ಹೂವಿಗೆ ಹೇಳುವ ಶಬ್ದಕ್ಕೂ ಉಚ್ಚಾರ ಒಂದೇ, ಎರಡೂ ‘ಫ್ಲವರ್’. ಉಚ್ಚಾರ ಮಾತ್ರವಲ್ಲ, ಪದವೂ ಒಂದೇ. ಬೀಸಿದ ಗೋಧಿಯನ್ನು ಬಟ್ಟೆಯಲ್ಲಿ ಸೋಸಿದಾಗ ತೌಡು, ತರಿ ಎಲ್ಲ ಮೇಲೆ ಉಳಿದು ಕೆಳಗೆ ಇಳಿಯುವ ಅತಿ ನುಣುಪಾದ ಭಾಗವನ್ನು ಫ್ರೆಂಚರು ಹಿಟ್ಟಿನ ಹೂವು ಎಂದು ಕರೆದರು. ಹೂವೆಂದರೆ ಗಿಡದ ಅತ್ಯುತ್ತಮ ಭಾಗ. ಹಾಗೆಯೇ ಧಾನ್ಯದ ಅತ್ಯುತ್ತಮ ಭಾಗ ಇದು. ಇಂಗ್ಲಿಷಿಗೆ ಬರುವಾಗ ಹಿಟ್ಟು ಎಂಬ ಮಾತು ಉದುರಿ ಹೂವೊಂದೇ ಉಳಿಯಿತು. ಹದಿನಾಲ್ಕನೆಯ ಶತಮಾನದ ಚಾಸರ್ ತನ್ನ ಕ್ಯಾಂಟರ್ಬರಿ ಕತೆಗಳ ಮುನ್ನುಡಿಯಲ್ಲಿ ವಸಂತದ ಹೂವನ್ನು ಬರೆದಿರುವುದು ಇಂದು ಹಿಟ್ಟಿಗೆ ಬಳಸುವ ಕಾಗುಣಿತದಲ್ಲೇ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಮಹಾನಿಘಂಟು ಹೊರತಂದಾಗಲೂ ಹಿಟ್ಟಿಗೆ ಬೇರೆ ನಮೂದು ಕೊಟ್ಟಿಲ್ಲ. ಹೂವಿನ ಅರ್ಥಗಳ ಸಾಲಿನಲ್ಲೇ ಅದನ್ನೂ ಸೇರಿಸಿದ್ದಾನೆ. ಮೈದಾ ಹಿಟ್ಟಿನ ಪೊಟ್ಟಣದ ಮೇಲೆ ಯಾವನಾದರೂ ತಪ್ಪಾಗಿ ಹೂವೆಂದು ಅಚ್ಚು ಹಾಕಿಸಿದರೆ ಜಾನ್ಸನ್ ಸಿಟ್ಟಾಗುತ್ತಿರಲಿಲ್ಲ. ಹೂವಿನಂಥ ಅನ್ನ ಎನ್ನುವ ನಮಗೂ ಸಿಟ್ಟು ಬರಬಾರದು.

ಲೋಹ ಎಂಬ ಅರ್ಥದ ‘ಮೆಟಲ್’ ಕೂಡ ಹೀಗೆಯೇ ಎರಡಾಯಿತು. ಗ್ರೀಕಿನಲ್ಲಿ ಅದು ಗಣಿಯ ಹೆಸರು. ಗಣಿಯಿಂದ ತೆಗೆದದ್ದಕ್ಕೆ ಸಾಗಿ ಬಂತು. ಕತ್ತಿಯ ಗುಣ ಗೊತ್ತಾಗುವುದು ಅದರ ಲೋಹದಿಂದ. ಮನುಷ್ಯನದು? ಅವನೊಳಗೂ ಒಂದು ಲೋಹ ಇರಬೇಕೆಂದು ಬಗೆದು, ಎದೆಗಾರಿಕೆಗೂ ಅದೇ ಮಾತನ್ನು ಬಳಸಿದರು. ಶೇಕ್ಸ್‌ಪಿಯರನ ಕಾಲದಲ್ಲಿ ಎರಡು ಅರ್ಥಕ್ಕೂ ಎರಡು ಕಾಗುಣಿತವನ್ನೂ ಮನಸ್ಸಿಗೆ ಬಂದಂತೆ ಬರೆಯುತ್ತಿದ್ದರು. ಆಮೇಲೆ ಮೇಜಿನ ಮೇಲಿರುವ ಲೋಹಕ್ಕೆ ಒಂದು ಬರಹ, ಎದೆಯೊಳಗಿನ ಲೋಹಕ್ಕೆ ಇನ್ನೊಂದು ಎಂದು ನಿಶ್ಚಯವಾಯಿತು. ಇಲ್ಲಿ ನನಗೆ ಕನ್ನಡದ ‘ಕೆಚ್ಚು’ ನೆನಪಾಗದೆ ಇರುವುದಿಲ್ಲ. ಹಲಸು, ತೇಗ, ಹೊನ್ನೆಯ ದಿಮ್ಮಿ ಕೊಯ್ದಾಗ ನಡುವೆ ಕಾಣುವ ಗಟ್ಟಿ ತಿರುಳು ಕೆಚ್ಚು. ಬಡಗಿ ಅದನ್ನೇ ಹುಡುಕುತ್ತಾನೆ, ಹುಳ ಅದನ್ನು ಮುಟ್ಟುವುದಿಲ್ಲ. ಅದೇ ಮಾತು ಎದೆಗೆ ಬಂದು ಕೆಚ್ಚೆದೆಯಾಯಿತು. ಇಂಗ್ಲಿಷರು ಧೈರ್ಯವನ್ನು ಗಣಿಯಿಂದ ಅಗೆದು ತೆಗೆದರು, ನಾವು ಕಾಡಿನಿಂದ ಕೊಯ್ದು ತಂದೆವು. ಯಾವುದು ಮೇಲು ಎಂದು ಕೇಳಿದರೆ ನನ್ನ ಮತ ಕೆಚ್ಚಿಗೆ: ಲೋಹವನ್ನು ಹೊರಗಿನವರು ಬಡಿದು ರೂಪಿಸಬೇಕು, ಕೆಚ್ಚು ಮರದೊಳಗೆ ತಾನೇ ವರ್ಷ ವರ್ಷ ಬೆಳೆಯುತ್ತದೆ.

ಒಂದು ಪದ ಎರಡಾಗಿ ಎರಡು ಹೊಣೆ ಹೊರುವುದು ನಮಗೆ ಹೊಸದೇನೂ ಅಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತತ್ಸಮ ತದ್ಭವಗಳ ಲೆಕ್ಕಕ್ಕಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ವರ್ಣ, ಬಣ್ಣ ಎರಡೂ ಒಂದೇ ಮಾತು. ಆದರೆ ವರ್ಣಮಾಲೆ ಎಂಬಲ್ಲಿ ಬಣ್ಣ ಹಾಕಿದರೆ ಅದು ಹೋಳಿಯ ಸಾಮಾನಾಗುತ್ತದೆ. ಸ್ಥಾನ, ತಾಣ ಒಂದೇ. ಆದರೂ ಮಂತ್ರಿಸ್ಥಾನ ಹೋದವರು ಮಂತ್ರಿತಾಣ ಕಳೆದುಕೊಂಡೆ ಎಂದು ಕೊರಗುವುದಿಲ್ಲ. ಇಂಗ್ಲಿಷಿಗೂ ಇಂಥ ತದ್ಭವಗಳ ಸುಗ್ಗಿ ಬಂದದ್ದು 1066ರಲ್ಲಿ ನಾರ್ಮನ್ನರು ದೇಶ ಗೆದ್ದು ಫ್ರೆಂಚನ್ನು ದರ್ಬಾರಿಗೆ ತಂದ ಮೇಲೆ. ಫ್ರೆಂಚರ ಬಾಯಲ್ಲಿ ಸವೆದ ಲ್ಯಾಟಿನ್ ಮೊದಲು ಬಂತು; ನಾಲ್ಕೈದು ಶತಮಾನ ಕಳೆದು ವಿದ್ವಾಂಸರು ಅದೇ ಲ್ಯಾಟಿನ್ನನ್ನು ಸವೆಯದ ರೂಪದಲ್ಲಿ ಮತ್ತೆ ತಂದರು. ದುರ್ಬಲ ಎನ್ನಲು ‘ಫ್ರೇಲ್’, ಒಡೆಯುವಂಥದ್ದು ಎನ್ನಲು ‘ಫ್ರಜೈಲ್’: ಒಂದು ತದ್ಭವ, ಇನ್ನೊಂದು ತತ್ಸಮ. ಕೇಶಿರಾಜನ ಕೈಗೆ ಕೊಟ್ಟಿದ್ದರೆ ಸೂತ್ರ ಕಟ್ಟಿ ಮುಗಿಸಿಬಿಡುತ್ತಿದ್ದ.

‘ಕಾಂಪ್ಲಿಮೆಂಟ್’ ಜೋಡಿಯ ನಡುವೆ ಇರುವುದು ಒಂದೇ ಸ್ವರದ ಅಂತರ. ಒಂದು ರೂಪಕ್ಕೆ ಪೂರಕ ಎಂದರ್ಥ, ಇನ್ನೊಂದಕ್ಕೆ ಪ್ರಶಂಸೆ. ಲಾಡ್ಜುಗಳ ರೂಮಿನ ಕಾರ್ಡಿನಲ್ಲಿ ಬಿಟ್ಟಿ ತಿಂಡಿಯ ವಿಷಯ ಬರುವಾಗ ಇವೆರಡೂ ಅದಲುಬದಲಾಗುವುದು ಮಾಮೂಲು, ಉಪ್ಪಿಟ್ಟು ನಮ್ಮ ವ್ಯಕ್ತಿತ್ವಕ್ಕೆ ಪೂರಕ ಎಂಬ ಅರ್ಥ ಬರುತ್ತದೆ. ಎರಡರ ಬೇರೂ ಲ್ಯಾಟಿನ್ನಿನ ತುಂಬು ಎಂಬ ಕ್ರಿಯಾಪದ. ಪೂರಕವಾದದ್ದು ಕೊರತೆಯನ್ನು ತುಂಬುತ್ತದೆ. ಪ್ರಶಂಸೆ? ಅದು ಸ್ಪೇನು, ಇಟಲಿಗಳ ದರ್ಬಾರುಗಳಲ್ಲಿ ಸುತ್ತಿ ಬಂದ ಮಾತು. ಸಭ್ಯತೆಯ ಬಾಕಿಯನ್ನು ತುಂಬುವುದು, ಸಲ್ಲಬೇಕಾದ ಮರ್ಯಾದೆಯನ್ನು ಪೂರ್ತಿ ಸಲ್ಲಿಸುವುದು ಎಂಬ ಅರ್ಥದಿಂದ ಹೊಗಳಿಕೆಗೆ ಇಳಿಯಿತು. ನಾವು ಬಾಯ್ತುಂಬ ಹೊಗಳುತ್ತೇವೆ, ಮನದುಂಬಿ ಹಾಡುತ್ತೇವೆ. ಯಾರೂ ಯಾರನ್ನೂ ಕೇಳದೆ ಎರಡು ನಾಡಿನವರೂ ಹೊಗಳಿಕೆಯನ್ನು ತುಂಬುವ ಕೆಲಸವೆಂದೇ ತಿಳಿದರು.

ಈ ಎಲ್ಲ ಜೋಡಿಗಳಲ್ಲಿ ನನಗೆ ಬಲು ಪ್ರಿಯವಾದದ್ದು ‘ಕ್ಯಾನನ್’. ಎನ್ ಅಕ್ಷರ ನಡುವೆ ಒಂದೇ ಇದ್ದರೆ ಧರ್ಮಸೂತ್ರ, ನಿಯಮ, ಮಾನ್ಯವಾದ ಗ್ರಂಥಗಳ ಸಮೂಹ, ಎರಡಿದ್ದರೆ ಫಿರಂಗಿ. ಚರ್ಚಿನ ಪಂಡಿತರೂ ತೋಪಿನ ದಳದವರೂ ಒಂದೇ ಹೆಸರಿನಡಿ ಬಂದದ್ದು ಹೇಗೆ? ಇಬ್ಬರೂ ಬಂದದ್ದು ನೀರಂಚಿನ ಜೊಂಡಿನಿಂದ. ಮೆಸೊಪೊಟೇಮಿಯಾದ ಪ್ರಾಚೀನ ಅಕ್ಕಾಡಿಯನ್ ಭಾಷೆಯಲ್ಲಿ ಜೊಂಡಿಗೆ ‘ಕನು’ ಎಂಬ ಮಾತಿತ್ತು. ಅಂಥದೇ ಮಾತು ಆ ಕಡೆಯ ಭಾಷೆಗಳಿಂದ ಗ್ರೀಕಿಗೆ ‘ಕನ್ನ’ ಎಂದು ಬಂತು. ಗ್ರೀಕರು ಜೊಂಡು ನೆಟ್ಟಗಿರುವುದನ್ನು ಗಮನಿಸಿದರು. ನೆಟ್ಟನೆಯ ಕೋಲು ಗಾರೆಯವನ ಕೈಯಲ್ಲಿ ಮಟ್ಟಗೋಲಾಯಿತು; ಗೋಡೆ ಸರಿಯಿದೆಯೇ ಎಂದು ಅಳೆಯುವ ಆ ‘ಕನೋನ್’ ಶಿಲ್ಪಿಗೆ ದೇಹದ ಪ್ರಮಾಣ ಹೇಳುವ ಸೂತ್ರವಾಯಿತು, ಚರ್ಚಿಗೆ ನಡತೆಯ ಕಟ್ಟಳೆಯಾಯಿತು. ಇಟಲಿಯವರು ಅದೇ ಜೊಂಡು ಟೊಳ್ಳಾಗಿರುವುದನ್ನು ಗಮನಿಸಿದರು. ಟೊಳ್ಳಾದ್ದು ಕೊಳವೆ, ದೊಡ್ಡ ಕೊಳವೆಗೆ ‘ಕನೋನೆ’, ಅದರೊಳಗೆ ಮದ್ದು ತುಂಬಿ ಬತ್ತಿ ಇಟ್ಟರೆ ಫಿರಂಗಿ. ಒಂದೇ ಗಿಡದ ಹೊರಗಿನ ನೆಟ್ಟತನದಿಂದ ನ್ಯಾಯ ಹುಟ್ಟಿತು, ಒಳಗಿನ ಟೊಳ್ಳಿನಿಂದ ಯುದ್ಧ. ಕಾಲುವೆಗೆ, ಕಬ್ಬಿನ ಜಲ್ಲೆಗೆ, ಮೇಷ್ಟರ ಬೆತ್ತಕ್ಕೆ ಇಂಗ್ಲಿಷಿನಲ್ಲಿರುವ ಹೆಸರುಗಳೂ ಈ ಜೊಂಡಿನ ಸಂತಾನವೇ.

ಕತೆ ಇಷ್ಟಕ್ಕೇ ಮುಗಿಯುವುದಿಲ್ಲ. ಗ್ರೀಕರ ಆ ಮಟ್ಟಗೋಲು ಅರಬರ ಕೈಗೆ ಹೋಗಿ ‘ಕಾನೂನ್’ ಆಯಿತು. ಇಬ್ನ್ ಸೀನಾ 1025ರ ಸುಮಾರಿಗೆ ಮುಗಿಸಿದ ವೈದ್ಯಗ್ರಂಥದ ಹೆಸರೇ ವೈದ್ಯದ ಕಾನೂನು; ಹನ್ನೆರಡನೆಯ ಶತಮಾನದಲ್ಲಿ ಅದು ಲ್ಯಾಟಿನ್ನಿಗೆ ಅನುವಾದವಾದಾಗ ಪದ ಮತ್ತೆ ‘ಕ್ಯಾನನ್’ ಆಗಿ ತವರು ಸೇರಿತು. ಅತ್ತ ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೂ ಇಳಿದು ಬಂತು. ತಾಲ್ಲೂಕು ಕೋರ್ಟಿನ ಅಂಗಳದಲ್ಲಿ ನಿಂತ ಕಕ್ಷಿದಾರ ‘ಕಾನೂನು ಪ್ರಕಾರ ಹೋಗ್ತೀನಿ’ ಎಂದು ಗುಡುಗುವಾಗ ಅವನ ಬಾಯಲ್ಲಿರುವುದು ಗ್ರೀಕರ ಗಾರೆ ಕೆಲಸದವನ ಕೋಲು. ಫಿರಂಗಿಯ ಹೆಸರು ನಮಗೆ ಜೊಂಡಿನಿಂದ ಬರಲಿಲ್ಲ, ಅದನ್ನು ತಂದ ಪರಂಗಿಯವರಿಂದ ಬಂತು. ಆದರೂ ಕೋವಿಯ ಕೊಳವೆಗೆ ನಾವು ಹೇಳುವುದು ನಳಿಗೆ ಎಂದು; ಸಂಸ್ಕೃತದಲ್ಲಿ ನಳವೆಂದರೆ ಜೊಂಡು. ಗುಂಡು ಎಲ್ಲಿ ಹಾರಿದರೂ ಜೊಂಡಿನ ಮೂಲಕವೇ ಹಾರಬೇಕೆಂದು ಭಾಷೆಗಳು ಮೊದಲೇ ಮಾತಾಡಿಕೊಂಡಂತಿದೆ!

ಹಾಗೆಂದು ಒಂದೇ ಥರ ಕಾಣುವುದೆಲ್ಲ ನೆಂಟರೇ ಆಗಬೇಕಿಲ್ಲ. ಕೆಲವು ಹತ್ತಿರ ಕೂತು ಕೂತು ಒಂದರ ಚಹರೆ ಇನ್ನೊಂದಕ್ಕೆ ಬಂದಿರುತ್ತದೆ. ದ್ವೀಪಕ್ಕೆ ಇಂಗ್ಲಿಷಿನಲ್ಲಿ ‘ಐಲ್ಯಾಂಡ್’. ಬರೆಯುವಾಗ ನಡುವೆ ಒಂದು ಮೂಕ ‘ಎಸ್’. ಮಕ್ಕಳು ಅದೇಕೆ ಅಲ್ಲಿದೆ ಎಂದು ಕೇಳುತ್ತಾರೆ, ದೊಡ್ಡವರು ಇಂಗ್ಲಿಷೇ ಹಾಗೆ ಎಂದು ಬಾಯಿ ಮುಚ್ಚಿಸುತ್ತಾರೆ. ಅದು ಅಪ್ಪಟ ಹಳೆಯ ಇಂಗ್ಲಿಷ್ ಪದ, ನೀರು ಸುತ್ತಿದ ನೆಲ ಎಂಬ ಅರ್ಥದ್ದು. ಅದರಲ್ಲಿ ‘ಎಸ್’ ಎಂದೂ ಇರಲಿಲ್ಲ. ದ್ವೀಪಕ್ಕೇ ಇರುವ ‘ಐಲ್’ ಎಂಬ ಇನ್ನೊಂದು ಪದ ಮಾತ್ರ ಲ್ಯಾಟಿನ್ನಿನ ‘ಇನ್ಸುಲಾ’ದಿಂದ ಫ್ರೆಂಚ್ ದಾರಿ ಹಿಡಿದು ಬಂದದ್ದು, ‘ಎಸ್’ ಅದರ ಸ್ವಂತ ಆಸ್ತಿ. ಹದಿನಾರನೆಯ ಶತಮಾನದ ಹೊತ್ತಿಗೆ ಎರಡೂ ಒಂದೇ ಮನೆಯವೆಂದು ಬಗೆದು ಬಡಪಾಯಿ ದೇಸಿ ಪದಕ್ಕೂ ‘ಎಸ್’ ತೊಡಿಸಿದರು. ಅಷ್ಟಕ್ಕೇ ತೃಪ್ತಿಯಾಗದೆ ಅದು ಮೂರನೆಯದಕ್ಕೂ ಅಂಟಿತು. ಚರ್ಚಿನ ಅಕ್ಕಪಕ್ಕದ ಕಂಬಸಾಲಿನ ಹಾದಿಗೆ ರೆಕ್ಕೆ ಎಂಬರ್ಥದ ಲ್ಯಾಟಿನ್ ‘ಆಲಾ’ದಿಂದ ಬಂದ ಹೆಸರಿತ್ತು, ಅದೂ ‘ಐಲ್’ ಎಂದೇ ಕೇಳಿಸುತ್ತಿದ್ದುದರಿಂದ ಅದಕ್ಕೂ ಒಂದು ಸುಳ್ಳು ‘ಎಸ್’ ಬಂತು. ಆ ಹಾದಿ ಚರ್ಚಿನಿಂದ ನಾಟಕಶಾಲೆಗೆ, ರೈಲಿಗೆ, ಕೊನೆಗೆ ವಿಮಾನಕ್ಕೆ ಬಂದು ಸೀಟುಗಳ ನಡುವಿನ ದಾರಿಯಾಯಿತು. ವಿಮಾನದಲ್ಲಿ ರೆಕ್ಕೆ ಕಾಣುವುದು ಕಿಟಕಿ ಪಕ್ಕದವನಿಗೆ, ರೆಕ್ಕೆಯ ಹೆಸರು ಇರುವುದು ದಾರಿ ಪಕ್ಕದವನ ಸೀಟಿಗೆ.

ಮದುಮಗನಿಗೆ ಆದದ್ದು ಇದಕ್ಕಿಂತ ಅನ್ಯಾಯ. ಹಳೆಯ ಇಂಗ್ಲಿಷಿನಲ್ಲಿ ಅವನು ‘ಬ್ರೂಡ್‌ಗುಮಾ’, ಮದುವಣಗಿತ್ತಿಯ ಗಂಡಸು. ಗಂಡಸು ಎಂಬರ್ಥದ ‘ಗುಮಾ’ ಬಳಕೆ ತಪ್ಪಿದ ಮೇಲೆ ಜನಕ್ಕೆ ಅದು ಅರ್ಥವಾಗದೆ ಹತ್ತಿರದ ‘ಗ್ರೂಮ್’ ಎಂದು ತಿದ್ದಿಕೊಂಡರು. ‘ಗ್ರೂಮ್’ ಎಂದರೆ ಆಳು ಹುಡುಗ, ಮುಂದೆ ಕುದುರೆ ಲಾಯದ ಚಾಕರ. ಮದುವೆ ದಿನ ಕುದುರೆಯ ಮೇಲೆ ಬರುವವನ ಹೆಸರು ಕುದುರೆ ತಿಕ್ಕುವವನದಾಯಿತು.

‘ಹೋರ್ಡ್’ ಜೋಡಿಯಲ್ಲಿ ರಕ್ತಸಂಬಂಧವೇ ಇಲ್ಲ. ಕೂಡಿಟ್ಟ ನಿಧಿ ಎಂಬ ಅರ್ಥದ್ದು ಹಳೆಯ ಇಂಗ್ಲಿಷಿನದು. ದಾಳಿಗೆ ಬರುವ ದಂಡು ಎಂಬ ಅರ್ಥದ್ದು ತುರ್ಕಿ ಮೂಲದ ‘ಓರ್ದು’, ಸೈನ್ಯದ ಬೀಡು. ಪೋಲೆಂಡಿನವರು ಅದರ ಮುಂದೆ ಒಂದು ಹಕಾರ ಸೇರಿಸಿ ಪಶ್ಚಿಮಕ್ಕೆ ದಾಟಿಸಿದರು. ಅದೇ ಬೀಡು ಹಕಾರವಿಲ್ಲದೆ ದಿಲ್ಲಿಗೆ ಬಂದು, ಅಲ್ಲಿಯ ಬಾದಶಾಹಿ ಬೀಡಿನ ನುಡಿ ಉರ್ದು ಎನಿಸಿಕೊಂಡಿತು. ಇನ್ನು ಬೆಂಗಳೂರಿನ ರಸ್ತೆಗಳ ಮೇಲೆ ಎದ್ದು ನಿಲ್ಲುವ ‘ಹೋರ್ಡಿಂಗ್’ ಈ ಎರಡಕ್ಕೂ ಸೇರಿದ್ದಲ್ಲ. ಅದು ಹಲಗೆಯ ಬೇಲಿಗೆ ಇದ್ದ ಹಳೆಯ ಫ್ರೆಂಚ್ ಹೆಸರು. ಬೇಲಿಯ ಮೇಲೆ ಭಿತ್ತಿಪತ್ರ ಹಚ್ಚಿದರು, ಕಾಲಾಂತರದಲ್ಲಿ ಬೇಲಿ ಹೋಗಿ ಭಿತ್ತಿಪತ್ರವೇ ಆಕಾಶಕ್ಕೇರಿತು.

ಕೊನೆಯದಾಗಿ, ನಾವೇ ಬೆರೆಸುವ ಒಂದು ಜೋಡಿ. ಇಂಗ್ಲಿಷಿನ ‘ಕ್ಯಾಶ್’ ನಮ್ಮ ಕಾಸಿನಿಂದಲೇ ಹೋದದ್ದು ಎಂದು ಹೆಮ್ಮೆಯಿಂದ ಹೇಳುವವರನ್ನು ಎಷ್ಟೋ ಹರಟೆಗಳಲ್ಲಿ ಕೇಳಿದ್ದೇನೆ. ಕಾಸಿದ್ದರೆ ಕೈಲಾಸ ಎಂದ ನಾಡಿನವರಿಗೆ ಅಷ್ಟು ಆಸೆ ಸಹಜ. ನಿಜ ಇದಕ್ಕಿಂತ ಸ್ವಾರಸ್ಯವಾಗಿದೆ: ಇಂಗ್ಲಿಷಿನಲ್ಲಿ ‘ಕ್ಯಾಶ್’ ಎರಡಿವೆ. ರೊಕ್ಕ ಎಂಬ ಅರ್ಥದ್ದು ಲ್ಯಾಟಿನ್ನಿನ ‘ಕಾಪ್ಸಾ’ದಿಂದ ಇಟಲಿ, ಫ್ರಾನ್ಸುಗಳ ಮೂಲಕ ಬಂದದ್ದು, ಮೂಲಾರ್ಥ ಪೆಟ್ಟಿಗೆ. ಮೊದಮೊದಲು ಹಣವಿಡುವ ಪೆಟ್ಟಿಗೆಗೆ ಇದ್ದ ಹೆಸರು ಆಮೇಲೆ ಒಳಗಿನ ಹಣಕ್ಕೆ ಬಂತು. ಹೋಟೆಲಿನ ಗಲ್ಲಾದ ಮೇಲೆ ಕೂತ ಯಜಮಾನರು ‘ಕ್ಯಾಶ್ ಬಾಕ್ಸ್’ ಎಂದರೆ ಪೆಟ್ಟಿಗೆ-ಪೆಟ್ಟಿಗೆ ಎಂದಂತೆ, ನಾವು ಗೇಟುಬಾಗಿಲು ಎನ್ನುವುದಿಲ್ಲವೇ ಹಾಗೆ.

ಇನ್ನೊಂದು ‘ಕ್ಯಾಶ್’ ಮಾತ್ರ ನಿಜವಾಗಿಯೂ ಇಲ್ಲಿಯದು. ತಮಿಳು, ಕನ್ನಡಗಳ ಕಾಸನ್ನು ಕರಾವಳಿಗೆ ಬಂದ ಪೋರ್ಚುಗೀಸರು ಕೇಳಿಸಿಕೊಂಡು, ತಮ್ಮಲ್ಲಿ ಪೆಟ್ಟಿಗೆಗೆ ಇದ್ದ ಹೆಸರಿನ ಅಚ್ಚಿನಲ್ಲಿ ಅದನ್ನು ಹೊಯ್ದರು. ಆ ಪೆಟ್ಟಿಗೆಯೂ ‘ಕಾಪ್ಸಾ’ದ ಮಗಳೇ. ಹೀಗೆ ಕಾಸಿಗೂ ಪೆಟ್ಟಿಗೆಗೂ ಮೊದಲ ಗೊಂದಲ ಹುಟ್ಟಿದ್ದು ಹರಟೆಕಟ್ಟೆಯಲ್ಲಿ ಕೂತ ನಮ್ಮಿಂದಲ್ಲ, ಪೋರ್ಚುಗೀಸ್ ನಾವಿಕರ ಬಾಯಲ್ಲಿ. ಅವರಿಂದ ಇಂಗ್ಲಿಷರು ಎತ್ತಿಕೊಂಡರು. ಕಂಪನಿ ಕಾಲದ ಮದರಾಸಿನಲ್ಲಿ 80 ಕ್ಯಾಶಿಗೆ ಒಂದು ಪಣ. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಕೋಶ ಈ ಪದಕ್ಕೆ ಪ್ರತ್ಯೇಕ ನಮೂದನ್ನೇ ಕೊಟ್ಟಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ಎರಡೂ ಭಾಷೆಗಳನ್ನು ಒಟ್ಟಿಗೇ ನೋಡಬಹುದು: ಕನ್ನಡದಲ್ಲಿ ‘ಮಯಿಲಿ ಕಾಸು’, ಇಂಗ್ಲಿಷಿನಲ್ಲಿ ರೋಮನ್ ಅಂಕಿಯ ಮುಂದೆ ‘ಕ್ಯಾಶ್’. ಆ ನಾಣ್ಯದ ಮಟ್ಟಿಗೆ ಹರಟೆಯವರ ಮಾತು ಪೂರ್ತಿ ಸತ್ಯ. ಇಂಗ್ಲಿಷ್ ವರ್ತಕರು ಇಲ್ಲಿಂದ ಪೂರ್ವಕ್ಕೆ ಹಡಗು ಹತ್ತಿದಾಗ ಈ ಮಾತನ್ನೂ ಜೊತೆಗೆ ಒಯ್ದು, ನಡುವೆ ಚೌಕ ತೂತಿದ್ದ ಚೀನಾದ ತಾಮ್ರದ ನಾಣ್ಯಕ್ಕೆ ಅದೇ ಹೆಸರಿಟ್ಟರು. ನಾಣ್ಯಸಂಗ್ರಾಹಕರು ಇವತ್ತಿಗೂ ಅವನ್ನು ‘ಚೈನೀಸ್ ಕ್ಯಾಶ್’ ಎಂದೇ ಪಟ್ಟಿ ಮಾಡಿ ಮಾರುತ್ತಾರೆ, ಕೊಳ್ಳುತ್ತಾರೆ.